ತಕ್ಕಡಿಯ ಮುಳ್ಳು ಮತ್ತು ತಾಳ್ಮೆ

ಕನ್ನಂಬಾಡಿ ಕಟ್ಟೆಯ ನೀರಿನ ಮಟ್ಟವನ್ನು ದಿನಪತ್ರಿಕೆಯಲ್ಲಿ ನೋಡಿಕೊಳ್ಳುವುದು ಮಂಡ್ಯ ಸೀಮೆಯವರ ಬಹುಕಾಲದ ಅಭ್ಯಾಸ. ಕಟ್ಟೆ ತುಂಬಿದರೆ 124.80 ಅಡಿ. ಇಂದಿನ ಮಟ್ಟವೆಷ್ಟು, ಒಳಹರಿವೆಷ್ಟು, ಹೊರಹರಿವೆಷ್ಟು ಎಂಬ ಮೂರು ಅಂಕಿಗಳನ್ನು ಶ್ರೀರಂಗಪಟ್ಟಣ, ಪಾಂಡವಪುರಗಳ ಗದ್ದೆಯವರು ಮಾತ್ರವಲ್ಲ, ಎಂದೂ ನೇಗಿಲು ಹಿಡಿಯದ ನೌಕರಿಯವರೂ ಓದುತ್ತಾರೆ. ಒಂದು ದಿನ ಮಟ್ಟ ಅಂಗುಲ ಏರಿದರೆ ಕಟ್ಟೆ ತುಂಬಿತೆಂದು ಕುಣಿಯುವವರಿಲ್ಲ. ಅಂಗುಲ ಇಳಿದರೆ ಬರಗಾಲ ಬಂತೆಂದು ಅಳುವವರೂ ಇಲ್ಲ. ಕಟ್ಟೆಯ ಯೋಗಕ್ಷೇಮವನ್ನು ತಿಂಗಳುಗಳ ಲೆಕ್ಕದಲ್ಲಿ ನೋಡಬೇಕೆಂಬುದು ಅವರಿಗೆ ಯಾರೂ ಹೇಳಿಕೊಡದೆ ಬಂದಿರುವ ವಿವೇಕ.

ವಿಚಿತ್ರವೇನೆಂದರೆ, ಅದೇ ಜನ ಮನೆಯ ಮೂಲೆಯಲ್ಲಿಟ್ಟ ತೂಕದ ಯಂತ್ರವನ್ನು ಹತ್ತಿ ನಿಂತ ಕೂಡಲೇ ಈ ವಿವೇಕವನ್ನೆಲ್ಲ ಮರೆತುಬಿಡುತ್ತಾರೆ. ಅಲ್ಲಿ ಕಾಲು ಕಿಲೋ ಏರಿದರೆ ಅಂದಿನ ದಿನವೇ ಕೆಟ್ಟಿತು. ಕಾಲು ಕಿಲೋ ಇಳಿದರೆ ಮಧ್ಯಾಹ್ನದ ಊಟಕ್ಕೆ ಒಂದು ಹಪ್ಪಳ ಹೆಚ್ಚು.

ಪಥ್ಯ ಹಿಡಿದವರ ಕಥೆ ಬಹುತೇಕ ಒಂದೇ ದಾರಿಯಲ್ಲಿ ಸಾಗುತ್ತದೆ. ವೈದ್ಯರು ರಕ್ತಪರೀಕ್ಷೆಯ ಚೀಟಿಯನ್ನು ನೋಡಿ, ‘ಸಕ್ಕರೆ ಗಡಿಯಲ್ಲಿದೆ, ತೂಕ ಇಳಿಸಿ’ ಎನ್ನುತ್ತಾರೆ. ಅನ್ನ ಅರ್ಧಕ್ಕಿಳಿಯುತ್ತದೆ, ಸಿಹಿ ನಿಲ್ಲುತ್ತದೆ, ರಾತ್ರಿಯ ಊಟ ಹಗುರವಾಗುತ್ತದೆ. ಮೊದಲ ಹದಿನೈದು ದಿನಗಳಲ್ಲಿ ಎರಡು ಕಿಲೋ ಇಳಿದು ಮನೆಯಲ್ಲೆಲ್ಲ ಸಂಭ್ರಮ. ಮೂರನೆಯ ವಾರ ಮುಳ್ಳು ನಿಧಾನಿಸುತ್ತದೆ. ನಾಲ್ಕನೆಯ ವಾರ ನಿಂತೇಬಿಡುತ್ತದೆ. ಐದನೆಯ ವಾರ, ಒಂದು ತುತ್ತೂ ಹೆಚ್ಚು ತಿನ್ನದಿದ್ದರೂ, ಮುನ್ನೂರು ಗ್ರಾಂ ಮೇಲೇರುತ್ತದೆ. ಆಗ ಎದುರಿಗೆ ಕಾಣುವುದು ಎರಡು ಹಾದಿಗಳು: ‘ನನ್ನ ಮೈಯೇ ಇಷ್ಟು’ ಎಂದು ಪಥ್ಯವನ್ನು ಬಿಡುವುದು, ಇಲ್ಲವೇ ‘ಇನ್ನೂ ಕಡಿಮೆ ತಿನ್ನುತ್ತೇನೆ’ ಎಂದು ಉಪವಾಸಕ್ಕೆ ಇಳಿಯುವುದು. ಎರಡೂ ತಪ್ಪು ಹಾದಿಗಳೇ. ಆ ಐದನೆಯ ವಾರದಲ್ಲಿ ಸೋತದ್ದು ದೇಹವಲ್ಲ, ಪಥ್ಯವೂ ಅಲ್ಲ; ಸೋತದ್ದು ನಿರೀಕ್ಷೆ. ನಿರೀಕ್ಷೆಯ ಲೆಕ್ಕವೇ ಮೊದಲಿನಿಂದ ತಪ್ಪಾಗಿತ್ತು.

ಮೊದಲ ಹದಿನೈದು ದಿನದ ಮಾಯೆ

ಮೊದಲು ಇಳಿದ ಎರಡು ಕಿಲೋ ಕೊಬ್ಬೇ? ಬಹುಪಾಲು ಅಲ್ಲ. ಮನುಷ್ಯನ ಯಕೃತ್ತು ಮತ್ತು ಮಾಂಸಖಂಡಗಳಲ್ಲಿ ಗ್ಲೈಕೋಜನ್ ಎಂಬ ಪಿಷ್ಟದ ದಾಸ್ತಾನು ಸುಮಾರು ಅರ್ಧ ಕಿಲೋವಿನಷ್ಟಿರುತ್ತದೆ. ಅದು ಒಣಗಿ ಕುಳಿತಿರುವ ಹಿಟ್ಟಲ್ಲ. ಪ್ರತಿಯೊಂದು ಗ್ರಾಂ ಪಿಷ್ಟವೂ ತನ್ನೊಡನೆ ಸುಮಾರು ಮೂರು ಗ್ರಾಂ ನೀರನ್ನು ಹಿಡಿದುಕೊಂಡಿರುತ್ತದೆ. ಊಟ ಒಮ್ಮೆಲೇ ಕಡಿಮೆಯಾದಾಗ ದೇಹ ಮೊದಲು ಕೈಹಾಕುವುದು ಈ ದಾಸ್ತಾನಿಗೆ. ಪಿಷ್ಟ ಖರ್ಚಾದಂತೆ ನೀರೂ ಹೊರಬೀಳುತ್ತದೆ, ಮುಳ್ಳು ಸರಸರನೆ ಇಳಿಯುತ್ತದೆ. ಮುಂದೊಂದು ದಿನ ಮದುವೆಯ ಮನೆಯಲ್ಲಿ ಉಂಡು ಬಂದರೆ ಇದೇ ಕ್ರಮ ತಿರುಗಿಬೀಳುತ್ತದೆ: ದಾಸ್ತಾನು ತುಂಬುತ್ತದೆ, ನೀರು ಸೇರುತ್ತದೆ, ಮುಳ್ಳು ಒಂದು ಕಿಲೋ ಮೇಲಕ್ಕೆ ಹಾರುತ್ತದೆ. ಇಳಿದಾಗ ಕೊಬ್ಬು ಹೋದದ್ದು ಎಷ್ಟು ನಿಜವೋ ಏರಿದಾಗ ಕೊಬ್ಬು ಬಂದದ್ದೂ ಅಷ್ಟೇ ನಿಜ. ಒಂದು ಕಿಲೋ ಮೈಕೊಬ್ಬು ಕೂಡಬೇಕಾದರೆ ಖರ್ಚಿಗಿಂತ ಸುಮಾರು 7,700 ಕ್ಯಾಲೊರಿ ಹೆಚ್ಚಾಗಿ ಉಣ್ಣಬೇಕು. ಎಷ್ಟೇ ದೊಡ್ಡ ಮದುವೆಯಾದರೂ ಒಂದೇ ಪಂಕ್ತಿಯಲ್ಲಿ ಅದು ಸಾಧ್ಯವಿಲ್ಲ.

ಕಾಗದದ ಲೆಕ್ಕ, ದೇಹದ ಲೆಕ್ಕ

ಪಥ್ಯದವರ ಕೈಗೆ ಸಿಕ್ಕಿರುವ ಪ್ರಸಿದ್ಧ ಸೂತ್ರವೊಂದುಂಟು. ಅಮೆರಿಕದ ವೈದ್ಯ ಮ್ಯಾಕ್ಸ್ ವಿಷ್ನಾಫ್ಸ್ಕಿ 1958ರಲ್ಲಿ ಪ್ರಕಟಿಸಿದ ಲೆಕ್ಕ ಅದು: ಒಂದು ಪೌಂಡು ಮೈತೂಕ 3,500 ಕ್ಯಾಲೊರಿಗೆ ಸಮ, ಆದ್ದರಿಂದ ದಿನಕ್ಕೆ 500 ಕ್ಯಾಲೊರಿ ಕಡಿಮೆ ಮಾಡಿದರೆ ವಾರಕ್ಕೆ ಒಂದು ಪೌಂಡು ಇಳಿಯಬೇಕು. ಲೆಕ್ಕ ಸರಳ, ನೆನಪಿಡಲು ಸುಲಭ. ಆದ್ದರಿಂದಲೇ ಅದು ಲೋಕವನ್ನೆಲ್ಲ ಸುತ್ತಿ, ಪಥ್ಯದ ಪಟ್ಟಿಗಳ ಮೂಲಕ ಸಣ್ಣ ಊರುಗಳ ಮನೆಗಳಿಗೂ ಬಂದು ಸೇರಿತು.

ಆದರೆ ಆ ಸೂತ್ರದಲ್ಲಿ ಒಂದು ದೋಷವಿದೆ. ಊಟ ಕಡಿಮೆಯಾದರೂ ದೇಹದ ಖರ್ಚು ಹಾಗೆಯೇ ಇರುತ್ತದೆಂದು ಅದು ನಂಬುತ್ತದೆ. ದೇಹ ಅಷ್ಟು ದಡ್ಡ ಯಜಮಾನನಲ್ಲ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿದ್ದ ಕೆವಿನ್ ಹಾಲ್ ಮತ್ತು ಅವರ ಸಂಗಡಿಗರು 2011ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬೇರೊಂದು ಲೆಕ್ಕವನ್ನು ಮುಂದಿಟ್ಟರು. ದಿನದ ಆಹಾರದಲ್ಲಿ ಸುಮಾರು 24 ಕ್ಯಾಲೊರಿಯನ್ನು ಶಾಶ್ವತವಾಗಿ ತಗ್ಗಿಸಿದರೆ ಕಟ್ಟಕಡೆಗೆ ಒಂದು ಕಿಲೋ ತೂಕ ಇಳಿಯುತ್ತದೆ. ಆದರೆ ಆ ಇಳಿತದ ಅರ್ಧಭಾಗಕ್ಕೆ ಸುಮಾರು ಒಂದು ವರ್ಷ ಬೇಕು, ಹೆಚ್ಚುಕಡಿಮೆ ಪೂರ್ಣವಾಗಲು ಸುಮಾರು ಮೂರು ವರ್ಷ ಬೇಕು. ಸರಾಸರಿ ಸ್ಥೂಲಕಾಯರಿಗೆ ಹೊಂದುವ ಲೆಕ್ಕ ಇದು.

ಇದನ್ನು ಮನೆಯ ತಟ್ಟೆಗೆ ತಂದು ನೋಡಬಹುದು. ಕೃಷ್ಣರಾಜಪೇಟೆಯಲ್ಲಿ 72 ಕಿಲೋ ತೂಗುವ ಗೃಹಿಣಿಯೊಬ್ಬರು ದಿನದ ಮೂರು ಲೋಟ ಕಾಫಿಯಿಂದ ಆರು ಚಮಚ ಸಕ್ಕರೆಯನ್ನೂ, ಮುದ್ದೆಯಿಂದ 40 ಗ್ರಾಂ ಹಿಟ್ಟನ್ನೂ ತೆಗೆದರೆಂದು ಇಟ್ಟುಕೊಳ್ಳೋಣ. ಒಟ್ಟು ಉಳಿತಾಯ ಸುಮಾರು 250 ಕ್ಯಾಲೊರಿ. ಹಳೆಯ ಸೂತ್ರ ಅವರಿಗೆ ಒಂದು ವರ್ಷದಲ್ಲಿ 12 ಕಿಲೋ ಇಳಿತದ ಆಸೆ ಹುಟ್ಟಿಸುತ್ತದೆ. ಹೊಸ ಲೆಕ್ಕದ ಪ್ರಕಾರ ಮೊದಲ ವರ್ಷ ಇಳಿಯುವುದು ಸುಮಾರು 5 ಕಿಲೋ. ಅದೂ ಸಮನಾಗಿ ಅಲ್ಲ. ಮೊದಲ ತಿಂಗಳುಗಳಲ್ಲಿ ತಿಂಗಳಿಗೆ ಅರ್ಧ ಕಿಲೋಗಿಂತ ಕೊಂಚ ಹೆಚ್ಚು, ವರ್ಷದ ಕೊನೆಗೆ ಅದಕ್ಕೂ ಕಡಿಮೆ. ಹನ್ನೆರಡನ್ನು ಎದುರುನೋಡುತ್ತಿದ್ದವರಿಗೆ ಐದು ಸೋಲಾಗಿ ಕಾಣುತ್ತದೆ. ಐದನ್ನೇ ಎದುರುನೋಡಿದವರಿಗೆ ಅದೇ ಐದು ಗೆಲುವು. ಪಥ್ಯ ಒಂದೇ, ದೇಹ ಒಂದೇ. ಬದಲಾದದ್ದು ಕಾಗದದ ಮೇಲಿನ ಅಂಕಿ ಮಾತ್ರ.

ದಿನದಿನದ ಏರಿಳಿತ

ತಿಂಗಳಿಗೆ ಅರ್ಧ ಕಿಲೋ ಎಂದರೆ ದಿನಕ್ಕೆ ಇಪ್ಪತ್ತು ಗ್ರಾಮಿಗೂ ಕಡಿಮೆ. ಒಂದು ಲೋಟ ನೀರು ಕುಡಿದರೆ ಇನ್ನೂರು ಗ್ರಾಂ ಮೈತೂಕ ಏರುತ್ತದೆ. ಹೀಗಿರುವಾಗ ಇಂದಿನ ತೂಕವನ್ನು ನಿನ್ನೆಯ ತೂಕಕ್ಕೆ ಹೋಲಿಸುವುದು ಬಿರುಗಾಳಿಯಲ್ಲಿ ಇರುವೆಯ ಹೆಜ್ಜೆಯ ಸಪ್ಪಳವನ್ನು ಆಲಿಸಿದಂತೆ.

ಈ ಸಂಗತಿಯನ್ನು ನಾಲ್ಕು ಶತಮಾನಗಳ ಹಿಂದೆಯೇ ಒಬ್ಬ ಛಲಗಾರ ಕಂಡುಕೊಂಡಿದ್ದನು. ಇಟಲಿಯ ವೈದ್ಯ ಸ್ಯಾಂಟೋರಿಯೋ ಎಂಬಾತ ದೊಡ್ಡ ತಕ್ಕಡಿಗೆ ಕುರ್ಚಿಯೊಂದನ್ನು ತೂಗುಹಾಕಿ, ಅದರಲ್ಲಿ ಕುಳಿತು, ತಾನು ಉಂಡದ್ದು, ಕುಡಿದದ್ದು, ವಿಸರ್ಜಿಸಿದ್ದು ಎಲ್ಲವನ್ನೂ ಸುಮಾರು ಮೂವತ್ತು ವರ್ಷ ತೂಗಿದನು. 1614ರಲ್ಲಿ ಆತನ ಗ್ರಂಥ ಪ್ರಕಟವಾಯಿತು. ಉಂಡು ಕುಡಿದುದರ ಅರ್ಧಕ್ಕಿಂತ ಹೆಚ್ಚು ಭಾಗ ಕಣ್ಣಿಗೆ ಕಾಣದ ಬೆವರು, ಉಸಿರುಗಳ ರೂಪದಲ್ಲಿ ಹೊರಟುಹೋಗುತ್ತದೆಂದು ಆತ ತೋರಿಸಿದನು. ಒಂದೇ ದಿನದೊಳಗೆ ಮೈತೂಕ ಒಂದೆರಡು ಕಿಲೋ ಏರಿಳಿಯುವುದು ಸಹಜ.

ಉಪ್ಪಿನ ಪ್ರಭಾವವೂ ಇಲ್ಲಿ ಉಂಟು. ರಾತ್ರಿ ಉಪ್ಪಿನಕಾಯಿ, ಹಪ್ಪಳ, ಖಾರದ ಸಾರು ಜೋರಾಗಿ ನಡೆದಿದ್ದರೆ ದೇಹ ನೀರನ್ನು ಹಿಡಿದಿಟ್ಟುಕೊಂಡು ಬೆಳಿಗ್ಗೆ ಮುಳ್ಳನ್ನು ಮೇಲಕ್ಕೆ ತಳ್ಳುತ್ತದೆ. ಹೆಂಗಸರಿಗೆ ತಿಂಗಳ ಮುಟ್ಟಿಗೆ ಮುಂಚಿನ ದಿನಗಳಲ್ಲಿ ನೀರು ಸೇರಿ ತೂಕ ಹೆಚ್ಚುವುದು ವಾಡಿಕೆ. ಹೊಸದಾಗಿ ಬೆಟ್ಟ ಹತ್ತಲು, ವ್ಯಾಯಾಮ ಮಾಡಲು ತೊಡಗಿದವರಿಗೆ ನೋಯುವ ಮಾಂಸಖಂಡಗಳಲ್ಲಿ ನೀರು ನಿಂತು ಕೆಲವು ದಿನ ತೂಕ ಇಳಿಯದಿರುವುದುಂಟು. ಇವೆಲ್ಲ ಕೊಬ್ಬಿನ ಕಥೆಯಲ್ಲ.

ಆದ್ದರಿಂದ ತೂಗುವುದಕ್ಕೂ ಒಂದು ಕ್ರಮ ಬೇಕು. ವಾರಕ್ಕೊಮ್ಮೆ, ಅದೇ ವಾರದ ದಿನ, ಬೆಳಿಗ್ಗೆ ಶೌಚದ ಅನಂತರ, ಏನನ್ನೂ ತಿನ್ನುವ ಮುನ್ನ, ಹಗುರವಾದ ಅದೇ ಬಗೆಯ ಉಡುಪಿನಲ್ಲಿ, ಅದೇ ಯಂತ್ರದ ಮೇಲೆ ನಿಲ್ಲಬೇಕು. ಪುಸ್ತಕವೊಂದರಲ್ಲಿ ಅಂಕಿಯನ್ನು ಬರೆದಿಟ್ಟು ಮುಂದಿನ ಕೆಲಸಕ್ಕೆ ಹೋಗಬೇಕು. ಅರ್ಥ ಹೇಳಬೇಕಾದದ್ದು ನಾಲ್ಕು ವಾರಗಳ ಸರಾಸರಿಯನ್ನು ಹಿಂದಿನ ನಾಲ್ಕು ವಾರಗಳ ಸರಾಸರಿಗೆ ಹೋಲಿಸಿದಾಗ ಮಾತ್ರ. ದಿನವೂ ತೂಗದಿದ್ದರೆ ನೆಮ್ಮದಿಯಿಲ್ಲ ಎನ್ನುವವರು ದಿನವೂ ತೂಗಲಿ. ಆದರೆ ಏಳು ದಿನದ ಸರಾಸರಿ ತೆಗೆಯುವವರೆಗೆ ತೀರ್ಪು ಹೇಳದಿರಲಿ.

ಹೊರಹರಿವು ತಗ್ಗಿದಾಗ

ಕಟ್ಟೆಯಲ್ಲಿ ನೀರು ಕಡಿಮೆಯಾದಂತೆ ಅಧಿಕಾರಿಗಳು ತೂಬಿನ ಬಾಗಿಲನ್ನು ಇಳಿಸುತ್ತ ಬರುತ್ತಾರೆ. ಕುಡಿಯುವ ನೀರಿಗಾದರೂ ಉಳಿಯಲಿ ಎಂಬುದು ಅವರ ಎಣಿಕೆ. ದೇಹವೂ ಹಾಗೆಯೇ. ಹಗುರವಾದ ಮೈಯನ್ನು ಹೊತ್ತು ನಡೆಯಲು ಕಡಿಮೆ ಶಕ್ತಿ ಸಾಕು. ಅದಲ್ಲದೆ ಊಟ ತೀರ ಕಡಿಮೆಯಾದರೆ ದೇಹ ಕೈಬಿಗಿ ಹಿಡಿಯತೊಡಗುತ್ತದೆ: ಮೈ ತಣ್ಣಗಾಗುತ್ತದೆ, ಚಟುವಟಿಕೆ ತಾನಾಗಿ ಕುಗ್ಗುತ್ತದೆ, ಮೆಟ್ಟಿಲು ಹತ್ತಬೇಕಾದಲ್ಲಿ ಕುಳಿತುಕೊಳ್ಳೋಣ ಎನಿಸುತ್ತದೆ, ಹಸಿವು ಮಾತ್ರ ಹಿಗ್ಗುತ್ತದೆ.

ಇದರ ಉಗ್ರರೂಪವನ್ನು ಕಂಡವರು ಆನ್ಸೆಲ್ ಕೀಸ್. ಎರಡನೆಯ ಮಹಾಯುದ್ಧದ ಕೊನೆಯಲ್ಲಿ, 1944–45ರಲ್ಲಿ, ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾನಿಲಯದಲ್ಲಿ ಸ್ವಇಚ್ಛೆಯಿಂದ ಮುಂದೆ ಬಂದ 36 ಮಂದಿ ತರುಣರಿಗೆ ಅವರು 24 ವಾರಗಳ ಕಾಲ ಅರೆಹೊಟ್ಟೆಯ ಊಟ ಕೊಟ್ಟರು. ಕ್ಷಾಮಪೀಡಿತ ಯೂರೋಪಿನ ಜನರಿಗೆ ಮರಳಿ ಹೇಗೆ ಉಣಿಸಬೇಕೆಂದು ತಿಳಿಯುವುದು ಉದ್ದೇಶ. ತರುಣರ ತೂಕದಲ್ಲಿ ಸುಮಾರು ಕಾಲುಭಾಗ ಇಳಿಯಿತು. ಜೊತೆಗೆ ವಿಶ್ರಾಂತಿಯಲ್ಲಿ ದೇಹ ಮಾಡುವ ಖರ್ಚು ಸುಮಾರು ಶೇಕಡ 40ರಷ್ಟು ಕುಸಿಯಿತು. ಅವರು ಸಿಡುಕರಾದರು, ಮಂಕಾದರು, ಹಗಲಿರುಳು ಊಟದ ಮಾತೇ ಆಡತೊಡಗಿದರು. ಕೆಲವರು ಅಡಿಗೆಯ ಪುಸ್ತಕಗಳನ್ನು ಕೂಡಿಹಾಕಿದರು. ಕಾಲುಗಳಲ್ಲಿ ನೀರು ತುಂಬಿ ಊದಿಕೊಂಡದ್ದರಿಂದ ಒಳಗಿನ ಕ್ಷಯವನ್ನು ತಕ್ಕಡಿ ಪೂರ್ತಿಯಾಗಿ ತೋರಿಸುತ್ತಲೂ ಇರಲಿಲ್ಲ. ಆರೋಗ್ಯಕ್ಕಾಗಿ ಕೊಂಚ ಊಟ ತಗ್ಗಿಸಿದವರಿಗೆ ಈ ಗತಿ ಬರುವುದಿಲ್ಲ, ನಿಜ. ಆದರೆ ಮುಳ್ಳು ನಿಂತಿತೆಂದು ಸಿಟ್ಟಿಗೆದ್ದು ಒಂದೇ ಹೊತ್ತಿನ ಗಂಜಿಗೆ ಇಳಿಯುವವರು ನಡೆದು ಹೋಗುವುದು ಅದೇ ದಿಕ್ಕಿಗೆ.

ಆಲೆಮನೆಯ ಕೆಲಸ ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಗಂಟೆಗಟ್ಟಲೆ ಕುದಿಯಬೇಕು. ಬೇಗ ಬೆಲ್ಲವಾಗಲೆಂದು ಉರಿಯನ್ನು ಮಿತಿಮೀರಿ ಹೆಚ್ಚಿಸಿದರೆ ತಳ ಹತ್ತಿ ಬೆಲ್ಲ ಕಪ್ಪಾಗುತ್ತದೆ. ಅವಸರದ ಪಥ್ಯದಲ್ಲಿ ತಳ ಹತ್ತುವುದು ಮಾಂಸಖಂಡ. ಕೊಬ್ಬಿನೊಡನೆ ಮಾಂಸವೂ ಕರಗಿ, ಕೈಕಾಲು ಸೋಲುತ್ತವೆ. ಪಿತ್ತಕೋಶದಲ್ಲಿ ಕಲ್ಲಾಗುವ ಭಯವೂ ಹೆಚ್ಚು. ವಾರಕ್ಕೆ ಅರ್ಧ ಕಿಲೋ ಇಳಿದರೆ ಅದು ಒಳ್ಳೆಯ ವೇಗ; ಅದಕ್ಕಿಂತ ನಿಧಾನವಾದರೂ ಹಾನಿಯಿಲ್ಲ.

ಉಳುವವರ ಮುದ್ದೆ, ಕೂರುವವರ ಹೊಟ್ಟೆ

ಈ ಸೀಮೆಯ ತಟ್ಟೆಯ ಕಥೆಯನ್ನು ತಿಳಿಯದೆ ಇಲ್ಲಿಯ ಪಥ್ಯವನ್ನು ನಿಶ್ಚಯಿಸಲಾಗದು. ಕನ್ನಂಬಾಡಿ ಕಟ್ಟೆಯ ಕೆಲಸ 1911ರಲ್ಲಿ ಆರಂಭವಾಗುವ ಮುಂಚೆ ಮಂಡ್ಯ ಸೀಮೆಯ ಬಹುಭಾಗ ಮಳೆಯನ್ನು ನಂಬಿದ ಹೊಲ. ರಾಗಿ, ಹುರುಳಿ, ಅವರೆ ಅಲ್ಲಿಯ ಬೆಳೆ. ವಿಶ್ವೇಶ್ವರಯ್ಯ ನಾಲೆಯ ನೀರು ಹರಿದಮೇಲೆ ಬತ್ತ, ಕಬ್ಬು ಬಂದವು; ಮಂಡ್ಯದಲ್ಲಿ 1933ರಲ್ಲಿ ಸಕ್ಕರೆ ಕಂಪೆನಿ ಹುಟ್ಟಿತು. ನಾಗಮಂಗಲದ ಕಡೆ ಈಗಲೂ ರಾಗಿ, ಹುರುಳಿ, ತೆಂಗುಗಳದೇ ದರ್ಬಾರು. ನೀರು ಬಂದದ್ದು ಸೌಭಾಗ್ಯ. ಹಸಿವು ಹೋದದ್ದು ಇನ್ನೂ ದೊಡ್ಡ ಸೌಭಾಗ್ಯ. ಆದರೆ ತಟ್ಟೆಯಲ್ಲಿ ಅನ್ನ, ಬೆಲ್ಲ, ಸಕ್ಕರೆ, ಎಣ್ಣೆಗಳು ಹೆಚ್ಚಿದ ಕಾಲದಲ್ಲೇ ಮೈಯ ದುಡಿಮೆ ಕಡಿಮೆಯಾಯಿತು. ನೇಗಿಲು ಹೋಗಿ ಟ್ರ್ಯಾಕ್ಟರು, ನಡಿಗೆ ಹೋಗಿ ಸ್ಕೂಟರು, ಒರಳು ಹೋಗಿ ಮಿಕ್ಸರು ಬಂದಿತು. ಮುದ್ದೆಯ ಗಾತ್ರ ಮಾತ್ರ ಉಳುವ ಅಜ್ಜನ ಕಾಲದ್ದೇ ಉಳಿಯಿತು.

ರಾಗಿಯ ವಿಷಯದಲ್ಲಿ ಒಂದು ಭ್ರಮೆಯೂ ಇದೆ; ಮುದ್ದೆ ತಿಂದರೆ ತೂಕ ಇಳಿಯುತ್ತದೆಂದು ಹಲವರು ನಂಬುತ್ತಾರೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಕೋಷ್ಟಕದಂತೆ 100 ಗ್ರಾಂ ರಾಗಿಯಲ್ಲಿ ಸುಮಾರು 320 ಕ್ಯಾಲೊರಿ, ಅಷ್ಟೇ ಅಕ್ಕಿಯಲ್ಲಿ ಸುಮಾರು 356. ವ್ಯತ್ಯಾಸ ಅಲ್ಪ. ರಾಗಿಯ ಹೆಚ್ಚಳ ಬೇರೆಡೆ ಇದೆ: ಅದರಲ್ಲಿ ನಾರು ಸುಮಾರು 11 ಗ್ರಾಂ, ಅಕ್ಕಿಯಲ್ಲಿ 3 ಗ್ರಾಮಿಗೂ ಕಡಿಮೆ, ಸುಣ್ಣದಂಶವಂತೂ ರಾಗಿಯಲ್ಲಿ 364 ಮಿಲಿಗ್ರಾಂ, ಅಕ್ಕಿಯಲ್ಲಿ 8 ಮಿಲಿಗ್ರಾಮನ್ನೂ ಮುಟ್ಟದು. ನಾರಿನಿಂದ ಹೊಟ್ಟೆ ತುಂಬಿದ ತೃಪ್ತಿ ಬಹಳ ಹೊತ್ತು ನಿಲ್ಲುತ್ತದೆ. ಆ ತೃಪ್ತಿಯನ್ನು ಬಳಸಿಕೊಂಡು ಒಂದು ಸಣ್ಣ ಮುದ್ದೆಗೆ ನಿಂತವರಿಗೆ ರಾಗಿ ಸಹಾಯಕ. ಎರಡು ದೊಡ್ಡ ಮುದ್ದೆ ನುಂಗಿ ಮೇಲೆ ಅನ್ನವನ್ನೂ ಉಂಡವರಿಗೆ ಅದೇ ರಾಗಿ ನಿರುಪಾಯ.

ಬೆಲ್ಲದ ವಿಷಯವೂ ಹಾಗೆಯೇ. ಸಕ್ಕರೆ ಬಿಟ್ಟು ಬೆಲ್ಲದ ಕಾಫಿ ಹಿಡಿದವರಿಗೆ ರುಚಿ ಬದಲಾಗುತ್ತದೆ, ಲೆಕ್ಕ ಬದಲಾಗುವುದಿಲ್ಲ. 100 ಗ್ರಾಂ ಬೆಲ್ಲದಲ್ಲೂ 350 ಕ್ಯಾಲೊರಿಗೆ ಕಡಿಮೆಯಿಲ್ಲ. ರಕ್ತದ ಸಕ್ಕರೆಯನ್ನು ಏರಿಸುವುದರಲ್ಲೂ ಅದು ಹಿಂದೆ ಬೀಳದು. ತೆಂಗಿನಕಾಯಿ, ತುಪ್ಪ, ಒಗ್ಗರಣೆಯ ಎಣ್ಣೆಗಳು ಕೈಯಳತೆಯಲ್ಲಿ ಬೀಳುವ ಪದಾರ್ಥಗಳು. ಒಂದು ಚಮಚ ಎಣ್ಣೆ ಎಂದರೆ 45 ಕ್ಯಾಲೊರಿ. ಕೈ ಧಾರಾಳವಾದಷ್ಟೂ ಮುಳ್ಳು ಜಿಪುಣವಾಗುತ್ತದೆ. ಮುಳ್ಳು ನಿಂತಾಗ ಮೊದಲು ಮಾಡಬೇಕಾದದ್ದು ಉಪವಾಸವಲ್ಲ. ಒಂದು ವಾರ ಹಿಟ್ಟು, ಅಕ್ಕಿ, ಎಣ್ಣೆ, ಸಕ್ಕರೆಗಳನ್ನು ಅಳೆದು ಬಳಸಿ ನೋಡುವುದು. ಮೊದಲ ತಿಂಗಳು ಬಿಗಿಯಾಗಿದ್ದ ಕೈ ಮೂರನೆಯ ತಿಂಗಳಿಗೆ ತಿಳಿಯದೆಯೇ ಸಡಿಲಗೊಂಡಿರುವುದು ಬಹಳ ಮನೆಗಳಲ್ಲಿ ಕಾಣುವ ಸಂಗತಿ.

ಪಥ್ಯಕ್ಕೆಂದು ಪರದೇಶದ ತಿನಿಸುಗಳನ್ನು ಅರಸಬೇಕಾಗಿಲ್ಲ. ಬಸ್ಸಾರಿನ ಸೊಪ್ಪು, ಹುರುಳಿಕಟ್ಟು, ಅವರೆಕಾಳು, ಅಲಸಂದೆ, ಮೊಳಕೆಕಾಳಿನ ಸಾರು, ನೀರು ಮಜ್ಜಿಗೆ ಇವೆಲ್ಲ ಈ ಸೀಮೆಯವೇ. ಕಾಳುಗಳಲ್ಲಿರುವ ಸಸಾರಜನಕ, ಅಂದರೆ ಪ್ರೋಟೀನು, ಮಾಂಸಖಂಡವನ್ನು ಕಾಯುತ್ತದೆ, ಹಸಿವನ್ನು ತಡೆಯುತ್ತದೆ. ತಟ್ಟೆಯ ಅರ್ಧ ಭಾಗ ಸೊಪ್ಪು ತರಕಾರಿ, ಕಾಲುಭಾಗ ಕಾಳು, ಉಳಿದ ಕಾಲುಭಾಗ ಮುದ್ದೆಯೋ ಅನ್ನವೋ ಎಂದು ಹಂಚಿಕೊಂಡರೆ ಯಾವ ಪಟ್ಟಿಯೂ ಬೇಡ. ಮಾಂಸ ತಿನ್ನುವ ಮನೆಗಳಲ್ಲಿ ಸಾರಿನ ಮೇಲೆ ತೇಲುವ ಎಣ್ಣೆಯನ್ನು ತೆಗೆದರೆ ಮೊಟ್ಟೆ, ಮೀನು, ಕೋಳಿಗಳಿಗೂ ಪಥ್ಯದಲ್ಲಿ ಸ್ಥಾನವಿದೆ.

ನಡಿಗೆಯ ಮಾತೂ ಹೇಳಲೇಬೇಕು. ಅರ್ಧ ಗಂಟೆ ನಡೆದರೆ ಖರ್ಚಾಗುವುದು ಸುಮಾರು 100 ಕ್ಯಾಲೊರಿ. ಮನೆಗೆ ಬಂದು ಒಂದು ಒಬ್ಬಟ್ಟು ತಿಂದರೆ ಅದು ಮರಳಿ ಬಂದಂತೆ, ಮೇಲೆ ತುಪ್ಪ ಬಿದ್ದರೆ ಬಡ್ಡಿಯ ಸಹಿತ. ಬೆವರು ಸುರಿದಷ್ಟೂ ಕೊಬ್ಬು ಹರಿಯಿತೆಂಬುದೂ ಸುಳ್ಳು. 2014ರಲ್ಲಿ ಆಸ್ಟ್ರೇಲಿಯದ ಇಬ್ಬರು ವಿಜ್ಞಾನಿಗಳು ತೋರಿಸಿಕೊಟ್ಟಂತೆ, ಹತ್ತು ಕಿಲೋ ಕೊಬ್ಬು ಕರಗಿದರೆ ಅದರಲ್ಲಿ 8.4 ಕಿಲೋ ಇಂಗಾಲದ ಡಯಾಕ್ಸೈಡ್ ಆಗಿ ಉಸಿರಿನಲ್ಲಿ ಹೋಗುತ್ತದೆ, ನೀರಾಗುವುದು 1.6 ಕಿಲೋ ಮಾತ್ರ. ಆದರೂ ನಡೆಯಬೇಕು. ನಡಿಗೆಯ ಲಾಭ ತೂಕದಲ್ಲಿ ಕಾಣುವುದಕ್ಕಿಂತ ಹೆಚ್ಚಾಗಿ ರಕ್ತದಲ್ಲಿ, ನಿದ್ರೆಯಲ್ಲಿ, ಇಳಿದ ತೂಕ ಮರಳಿ ಬರದಂತೆ ತಡೆಯುವುದರಲ್ಲಿ ಕಾಣುತ್ತದೆ. ಶ್ರೀರಂಗಪಟ್ಟಣದವರಿಗೆ ಕೋಟೆಯ ಬದಿಯ ಹಾದಿಯಿದೆ, ಪಾಂಡವಪುರದವರಿಗೆ ಕುಂತಿಬೆಟ್ಟವಿದೆ, ಕೃಷ್ಣರಾಜಪೇಟೆಯವರಿಗೆ ಹೊಸಹೊಳಲಿನ ಗುಡಿಯವರೆಗೆ ಹೋಗಿಬರುವ ನೆಪವಿದೆ, ನಾಗಮಂಗಲದವರಿಗೆ ಸೌಮ್ಯಕೇಶವನ ಪ್ರದಕ್ಷಿಣೆಯಿದೆ. ದಿನವೂ ನಡೆಯುವವರಿಗೆ ಬೆಟ್ಟವೇ ಬೇಕೆಂದಿಲ್ಲ. ಮನೆಯ ಮುಂದಿನ ಬೀದಿಯೂ ಸಾಕು.

ಮನೆಮಂದಿಯ ಪಾಲು

ಪಥ್ಯ ಒಬ್ಬರದು, ಅಡಿಗೆಮನೆ ಎಲ್ಲರದು. ಗಂಡನಿಗೆ ಪಥ್ಯವಾದರೆ ಹೆಂಡತಿ ಅಳತೆ ಮಾಡಿ ಬಡಿಸುತ್ತಾಳೆ, ಕಾಫಿಗೆ ಸಕ್ಕರೆ ಹಾಕದೆ ಕಾಯುತ್ತಾಳೆ. ಹೆಂಡತಿಗೇ ಪಥ್ಯವಾದರೆ ಅವಳಿಗೆ ಬಡಿಸುವವರಾರು? ಎಲ್ಲರ ಊಟವಾದಮೇಲೆ ಪಾತ್ರೆಯ ತಳದ ಅನ್ನ ಹಾಳಾಗಬಾರದೆಂದು ಉಣ್ಣುವುದು, ಮಗು ಬಿಟ್ಟ ಅರ್ಧ ದೋಸೆಯನ್ನು ಬಾಯಿಗೆ ಹಾಕಿಕೊಳ್ಳುವುದು, ಬೆಳಗಿನ ಉಪ್ಪಿಟ್ಟನ್ನು ಸಂಜೆ ಮುಗಿಸುವುದು ಈ ಗೃಹಿಣಿಯ ಪಥ್ಯದ ಪಟ್ಟಿಯಲ್ಲಿ ಎಲ್ಲೂ ಬರೆದಿರುವುದಿಲ್ಲ. ಅನ್ನವನ್ನು ಚೆಲ್ಲಬಾರದೆಂಬುದು ದೊಡ್ಡ ಸಂಸ್ಕಾರ. ಅದನ್ನು ಕಾಪಾಡುವ ದಾರಿ ಕಡಿಮೆ ಅಕ್ಕಿ ಹಾಕುವುದು. ಮನೆಯೊಡತಿಯ ಹೊಟ್ಟೆಯನ್ನು ಉಗ್ರಾಣವಾಗಿಸುವುದಲ್ಲ.

ನೆಂಟರ ನಾಲಗೆಗೂ ಪಥ್ಯ ಬೇಕು. ಮೈಕೈ ತುಂಬಿಕೊಂಡಿದ್ದರೆ ಸುಖವಾಗಿದ್ದಾರೆಂದು ತಿಳಿಯುವ ಸಮಾಜ ಇದು. ನಾಲ್ಕು ಕಿಲೋ ಇಳಿದವರನ್ನು ಕಂಡು, ‘ಏನಾಯಿತು, ಮೈ ಸರಿಯಿಲ್ಲವೇ?’ ಎನ್ನುವವರೂ, ಇಳಿಯದವರನ್ನು ಕಂಡು, ‘ಇಷ್ಟು ದಿನ ಪಥ್ಯ ಮಾಡಿ ಆದದ್ದು ಇಷ್ಟೇಯೇ?’ ಎನ್ನುವವರೂ ಒಂದೇ ಪಂಕ್ತಿಯಲ್ಲಿ ಕುಳಿತಿರುತ್ತಾರೆ. ಎರಡು ಮಾತುಗಳೂ ನೋಯಿಸುವಂಥವೇ. ಹಬ್ಬದ ದಿನ ಒಂದು ಒಬ್ಬಟ್ಟು ತಿಂದುದಕ್ಕೆ ಮರುದಿನ ಉಪವಾಸದ ಪ್ರಾಯಶ್ಚಿತ್ತ ಬೇಡ. ವರ್ಷದಲ್ಲಿ ಹಬ್ಬಗಳು ಕೆಲವೇ; ಉಳಿದ ದಿನಗಳನ್ನು ಹಬ್ಬ ಮಾಡಿಕೊಳ್ಳದಿದ್ದರೆ ಸಾಕು.

ತಕ್ಕಡಿ ಹೇಳದ ಲಾಭ

ಇಷ್ಟೆಲ್ಲ ಶ್ರಮಪಟ್ಟು ವರ್ಷಕ್ಕೆ ಐದು ಕಿಲೋ ಇಳಿಸಿ ಏನು ಬಂತು? ಇದು ನ್ಯಾಯವಾದ ಪ್ರಶ್ನೆ, ಇದಕ್ಕೆ ನಿಶ್ಚಿತವಾದ ಉತ್ತರವೂ ಉಂಟು. 2002ರಲ್ಲಿ ಅಮೆರಿಕದಿಂದ ದೊಡ್ಡ ಪರೀಕ್ಷೆಯೊಂದರ ಫಲಿತಾಂಶ ಬಂದಿತು. ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದ ಮೂರು ಸಾವಿರಕ್ಕೂ ಹೆಚ್ಚು ಜನರಲ್ಲಿ ಒಂದು ಗುಂಪಿಗೆ ಕೊಟ್ಟ ಗುರಿ ಎರಡೇ: ಮೈತೂಕದ ಶೇಕಡ 7ರಷ್ಟನ್ನು ಇಳಿಸುವುದು, ವಾರಕ್ಕೆ 150 ನಿಮಿಷ ನಡೆಯುವುದು. ಆ ಗುಂಪಿನಲ್ಲಿ ಕಾಯಿಲೆಗೆ ತುತ್ತಾಗುವ ಸಂಭವ ಶೇಕಡ 58ರಷ್ಟು ತಗ್ಗಿತು. 72 ಕಿಲೋ ತೂಕದ ಶೇಕಡ 7 ಎಷ್ಟು? ಸರಿಸುಮಾರು 5 ಕಿಲೋ. ಕೃಷ್ಣರಾಜಪೇಟೆಯ ಗೃಹಿಣಿ ಸೋಲೆಂದು ತಿಳಿದದ್ದು ಅದೇ 5 ಕಿಲೋ.

ಇದಕ್ಕಿಂತ ಹತ್ತಿರದ, ಇದಕ್ಕಿಂತ ಸೋಜಿಗದ ನಿದರ್ಶನ ಮದರಾಸಿನದು. ಚೆನ್ನೈನ ಡಾ. ಎ. ರಾಮಚಂದ್ರನ್ ಮತ್ತು ಸಂಗಡಿಗರು 531 ಮಂದಿ ಭಾರತೀಯರಲ್ಲಿ ನಡೆಸಿದ ಪರೀಕ್ಷೆಯ ಫಲಿತಾಂಶ 2006ರಲ್ಲಿ ಪ್ರಕಟವಾಯಿತು. ಇವರೂ ಹೊಸ್ತಿಲಿನ ಮೇಲಿದ್ದವರೇ. ಸುಮಾರು ಮೂರು ವರ್ಷಗಳಲ್ಲಿ, ವಿಶೇಷ ಸಲಹೆಯಿಲ್ಲದ ಗುಂಪಿನಲ್ಲಿ ಶೇಕಡ 55 ಮಂದಿಗೆ ಸಕ್ಕರೆ ಕಾಯಿಲೆ ಬಂದಿತು. ಊಟ ತಿದ್ದಿಕೊಂಡು ನಡಿಗೆ ಹಿಡಿದ ಗುಂಪಿನಲ್ಲಿ ಶೇಕಡ 39ಕ್ಕೆ ನಿಂತಿತು. ಈ ಎರಡನೆಯ ಗುಂಪಿನವರ ತೂಕ ಎಷ್ಟು ಇಳಿಯಿತು? ಸರಾಸರಿಯಲ್ಲಿ ಇಳಿಯಲೇ ಇಲ್ಲ. ತಕ್ಕಡಿಯನ್ನು ಮಾತ್ರ ಕೇಳಿದ್ದರೆ ಅದು ಮೂರು ವರ್ಷದ ಸಾಧನೆಯನ್ನು ಸೊನ್ನೆಯೆಂದು ಬರೆಯುತ್ತಿತ್ತು. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ಅಧ್ಯಯನದ ಪ್ರಕಾರ ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಸಕ್ಕರೆ ಕಾಯಿಲೆಯಿದೆ. ಇನ್ನೂ 13 ಕೋಟಿಗೂ ಮಿಕ್ಕ ಜನ ಹೊಸ್ತಿಲ ಮೇಲಿದ್ದಾರೆ. ಅವರಲ್ಲಿ ಎಷ್ಟೋ ಮಂದಿ ‘ಮುಳ್ಳು ಇಳಿಯಲಿಲ್ಲ’ ಎಂಬ ಒಂದೇ ಕಾರಣಕ್ಕೆ ನಡಿಗೆಯನ್ನೂ ಪಥ್ಯವನ್ನೂ ಬಿಟ್ಟರೆ ಕಳೆದುಕೊಳ್ಳುವುದು ಕಣ್ಣು, ಮೂತ್ರಪಿಂಡ, ಕಾಲುಗಳ ಕ್ಷೇಮವನ್ನು.

ತಕ್ಕಡಿಯ ಪಕ್ಕದಲ್ಲಿ ದರ್ಜಿಯ ಅಳತೆಪಟ್ಟಿಯೊಂದನ್ನೂ ಇಟ್ಟುಕೊಳ್ಳುವುದು ಉಚಿತ. ಭಾರತೀಯರ ಮೈಯಲ್ಲಿ ಕೊಬ್ಬು ಹೊಟ್ಟೆಯ ಸುತ್ತ ಸೇರುವುದು ಹೆಚ್ಚು. ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂಟಿಮೀಟರು, ಹೆಂಗಸರಿಗೆ 80 ಸೆಂಟಿಮೀಟರು ಮೀರಬಾರದೆಂದು ವೈದ್ಯರು ಗೆರೆ ಹಾಕಿದ್ದಾರೆ. ತೂಕ ನಿಂತಲ್ಲೇ ನಿಂತಿರುವಾಗ ಸೊಂಟ ಎರಡು ಸೆಂಟಿಮೀಟರು ಕುಗ್ಗಿದರೆ ಒಳಗೆ ಕೆಲಸ ನಡೆಯುತ್ತಿದೆಯೆಂದೇ ಅರ್ಥ. ತಿಂಗಳಿಗೊಮ್ಮೆ ಸೊಂಟ, ಮೂರು ತಿಂಗಳಿಗೊಮ್ಮೆ ರಕ್ತದ ಸಕ್ಕರೆ ಮತ್ತು ರಕ್ತದೊತ್ತಡ, ದಿನವೂ ಮೆಟ್ಟಿಲು ಹತ್ತುವಾಗಿನ ಉಸಿರು ಇವೆಲ್ಲ ತಕ್ಕಡಿಗೆ ತಿಳಿಯದ ಸಾಕ್ಷಿಗಳು.

ಹಾಗೆಂದು ಎಲ್ಲ ನಿಧಾನವೂ ಸಹಜವೆಂದು ಕುಳಿತುಕೊಳ್ಳುವುದೂ ಸಲ್ಲದು. ಮೂರು ತಿಂಗಳು ಅಳೆದು ಉಂಡರೂ ತೂಕ, ಸೊಂಟ, ರಕ್ತ ಯಾವುದರಲ್ಲೂ ಬದಲಾವಣೆ ಕಾಣದಿದ್ದರೆ ವೈದ್ಯರನ್ನು ಕಾಣಬೇಕು. ಥೈರಾಯ್ಡ್ ಗ್ರಂಥಿಯ ಆಲಸ್ಯ, ಇನ್ಸುಲಿನ್, ಸ್ಟೆರಾಯ್ಡ್ ಮುಂತಾದ ಔಷಧಗಳು ತೂಕವನ್ನು ಹಿಡಿದಿಡುವುದುಂಟು. ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ತಾವಾಗಿಯೇ ಊಟ ಬಿಟ್ಟರೆ ಸಕ್ಕರೆ ಕುಸಿದು ಅಪಾಯವಾದೀತು. ಬಸುರಿಯರಿಗೆ, ಬಾಣಂತಿಯರಿಗೆ ತೂಕ ಇಳಿಸುವ ಪಥ್ಯ ಸಲ್ಲದು. ಈಚೆಗೆ ಬಂದಿರುವ ತೂಕ ಇಳಿಸುವ ಚುಚ್ಚುಮದ್ದುಗಳು ವೈದ್ಯರ ವಿವೇಚನೆಗೆ ಬಿಟ್ಟವು. ನೆರೆಮನೆಯವರ ಸಲಹೆಗೆ ಬಿಟ್ಟವಲ್ಲ.

ಉಳಿದವರಿಗೆ ಹೇಳಬೇಕಾದ ಮಾತು ಚಿಕ್ಕದು. ಹತ್ತು ವರ್ಷಗಳಲ್ಲಿ ಒಂದೊಂದೇ ಗ್ರಾಮಾಗಿ ಬಂದು ಸೇರಿದ ಕೊಬ್ಬು ಹತ್ತು ವಾರಗಳಲ್ಲಿ ಹೊರಡುವುದಿಲ್ಲ. ಅದು ಬಂದಾಗಲೂ ಯಾರಿಗೂ ತಿಳಿಯದಂತೆ ಬಂದಿತು. ಹೋಗುವಾಗಲೂ ಹಾಗೆಯೇ ಹೋಗುತ್ತದೆ. ಪಥ್ಯವನ್ನು ಪರೀಕ್ಷಿಸುವ ಪ್ರಶ್ನೆ ‘ಈ ವಾರ ಎಷ್ಟು ಇಳಿಯಿತು?’ ಎಂಬುದಲ್ಲ, ‘ಇನ್ನು ಐದು ವರ್ಷ ಹೀಗೆಯೇ ಬೇಸರವಿಲ್ಲದೆ ಉಣ್ಣಬಹುದೇ?’ ಎಂಬುದು. ಉಣ್ಣಬಹುದೆಂದರೆ ಪಥ್ಯ ಸರಿಯಾಗಿದೆ. ಭಾನುವಾರದ ತಕ್ಕಡಿ ಏನನ್ನೇ ಹೇಳಲಿ, ಸೋಮವಾರದ ಮುದ್ದೆ ಅದೇ ಗಾತ್ರದಲ್ಲಿರಲಿ.